ಬಚ್ಚಲ ತೂಬಿನ ಚರಿತ್ರೆ

ಬಹಳ ದಿನಗಳ ನಂತರ ಬರೆಯುತ್ತಿದ್ದೇನೆ. ರಾಜ ಮಹಾರಾಜರ ಚರಿತ್ರೆ ಬರೆಯೋರು ಬೇಕಾದಷ್ಟು ಜನ ಇದ್ದಾರೆ, ನಾನು ಈ ಸಲ ಬಚ್ಚಲ ತೂಬಿನ ಚರಿತ್ರೆ ಬರೆಯೋಣ ಅಂತ ಕೂತಿದ್ದೇನೆ. ಊಟ ಮಾಡ್ತಾ ಓದ್ತಿದ್ದರೆ ದಯವಿಟ್ಟು ಕೈ ತೊಳೆದುಕೊಂಡು ಆಮೇಲೆ ಬನ್ನಿ :-)

ಕಳೆದ ದೀಪಾವಳಿಗೆ ಹೊನ್ನಾಳಿಗೆ ಹೋಗಿದ್ದೆ. ನರಕ ಚತುರ್ದಶಿಯ ಹಿಂದಿನ ಸಂಜೆ ನಮ್ಮಲ್ಲಿ ನೀರು ತುಂಬುವ ಹಬ್ಬ. ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಹೊಸ ನೀರು ತುಂಬಿಸಿ ಪೂಜೆ ಮಾಡೋದು. ಈ ಸಲ ಹಂಡೆಗಿಂತ ಮೊದಲು ಬಚ್ಚಲ ನೆಲವೇ ತುಂಬಿಕೊಂಡಿತ್ತು. ಪಾದ ಮುಳುಗುವಷ್ಟು ನೀರು, ಮೇಲೆ ಸೋಪಿನ ನೊರೆ. ತೂಬು ಕಟ್ಟಿಕೊಂಡಿತ್ತು.

ಅಪ್ಪ ಎಂದಿನಂತೆ, "ಅವನಿಗೆ ಹೇಳಿ ಕಳಿಸ್ತೀನಿ ಬಿಡು, ಬಂದು ಬಿಡಿಸಿ ಹೋಗ್ತಾನೆ" ಅಂದರು. 'ಅವನು' ಅಂದರೆ ಎಪ್ಪತ್ತು ದಾಟಿದ ಒಬ್ಬ ಅಜ್ಜ. ನಾನು ಹುಟ್ಟೋಕೆ ಮೊದಲಿನಿಂದ ನಮ್ಮ ಬೀದಿಯ ತೂಬು, ಚರಂಡಿ ಎಲ್ಲ ಬಿಡಿಸುತ್ತಿದ್ದವರು ಅವರೇ. ನಮ್ಮ ಮನೆಯಲ್ಲಿ ಅವರನ್ನು ಯಾರೂ ಬಹುವಚನದಲ್ಲಿ ಕರೆದಿದ್ದು ನನಗೆ ನೆನಪಿಲ್ಲ. ನಾನೂ ನಾಲ್ಕನೇ ಕ್ಲಾಸಿನಲ್ಲಿದ್ದಾಗ "ಬಾರೋ, ಅಮ್ಮ ಕರೀತಿದ್ದಾರೆ" ಅಂತಲೇ ಕರೆದವನು.

"ಬೇಡಪ್ಪ, ನಾನೇ ಮಾಡ್ತೀನಿ" ಅಂದೆ. ಅಮ್ಮನಿಗೆ ಗಾಬರಿ. "ಇಂಜಿನಿಯರಿಂಗ್ ಓದಿದ್ದು ಇದಕ್ಕೇನೋ?"

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಹುಡುಕೋಕೆ ಹೋಗಿದ್ದೇ ಈ ಬರಹ.

*

ಮೊದಲು 'ತೂಬು' ಅನ್ನೋ ಪದ. ನಮಗೆ ಬಚ್ಚಲ ತೂಬು ಗೊತ್ತು, ಆದರೆ ಕನ್ನಡದಲ್ಲಿ ಈ ಪದಕ್ಕೆ ದೊಡ್ಡ ಮನೆತನ ಇದೆ. ಕೆರೆಯ ನೀರನ್ನು ಗದ್ದೆಗೆ ಬಿಡುವ ಬಾಯಿಗೂ ತೂಬು ಅಂತಲೇ ಹೆಸರು. ಪಕ್ಕದ ಚನ್ನಗಿರಿ ತಾಲೂಕಿನ ಸೂಳೆಕೆರೆಯನ್ನು ನೋಡಿರಬಹುದು, ಶಾಂತಿಸಾಗರ ಅಂತಲೂ ಕರೀತಾರೆ. ಎರಡು ಗುಡ್ಡಗಳ ಮಧ್ಯದ ಸಂದಿಗೆ ಏರಿ ಹಾಕಿ ಹರಿದ್ರಾ ಹಳ್ಳವನ್ನು ನಿಲ್ಲಿಸಿರೋ ಕೆರೆ. ನೂರಾರು ವರ್ಷಗಳಿಂದ ಆ ಏರಿ ನಿಂತಿದೆ. ಅದರ ನೀರು ಹೊರಗೆ ಹೋಗೋದು ಸಿದ್ದನಾಲೆ, ಬಸವನಾಲೆ ಅಂತ ಎರಡು ನಾಲೆಗಳಲ್ಲಿ.

ಹಳೇ ಕೆರೆಗಳ ತೂಬು ಸರಳವಾದದ್ದು. ಕಲ್ಲಿನ ಕಿಂಡಿ, ಅದಕ್ಕೊಂದು ಬಿರಡೆ. ಬಿರಡೆ ಎತ್ತಿದರೆ ನೀರು, ಇಳಿಸಿದರೆ ಬಂದ್. ಕಿಂಡಿಗೆ ಹೂಳು, ಕಸ ಕಟ್ಟಿಕೊಂಡರೆ? ಯಾರಾದರೂ ನೀರಿಗಿಳಿದು, ಉಸಿರು ಬಿಗಿಹಿಡಿದು ಕೈಯಿಂದ ಬಿಡಿಸಬೇಕು. ತೂಬು ತೆಗೆದು ಹಾಕಿ ನೀರು ಹಂಚುವವನಿಗೆ ನೀರುಗಂಟಿ ಅಂತ ಹೆಸರು. ಬಹಳ ಊರುಗಳಲ್ಲಿ ಈ ಕೆಲಸ ತಲೆತಲಾಂತರದಿಂದ ದಲಿತ ಕುಟುಂಬಗಳದ್ದು. ಕೆರೆ ಕಟ್ಟಿಸಿದವರಿಗೂ ಕಾಪಾಡುವವರಿಗೂ ಜಮೀನು ಬಿಟ್ಟುಕೊಟ್ಟ ವಿಷಯ ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕಟ್ಟುಕೊಡಗೆ, ಬಿತ್ತುವಟ್ಟ ಅನ್ನೋ ಪದಗಳು ಅಲ್ಲಿಂದಲೇ ಬಂದವು. ಅಂದರೆ ತೂಬು ನೋಡಿಕೊಳ್ಳೋದು ಗೌರವದ ಕೆಲಸ ಅಂತ ಒಂದು ಕಾಲಕ್ಕೆ ಕಲ್ಲಿನಲ್ಲೇ ಬರೆದಿದ್ದಾರೆ. ಕೆರೆಯ ತೂಬಿಗೆ ಸಿಕ್ಕ ಈ ಮರ್ಯಾದೆ ಬಚ್ಚಲ ತೂಬಿಗೆ ಮಾತ್ರ ಸಿಗಲಿಲ್ಲ.

ಬಚ್ಚಲ ತೂಬು ಕಟ್ಟಿಕೊಳ್ಳೋದೂ ಇತ್ತೀಚಿನ ಕಾಯಿಲೆ. ಜಗಳೂರಿನ ನಮ್ಮ ಅಜ್ಜಿ ಮನೆಯಲ್ಲಿ ಈ ಸಮಸ್ಯೆಯೇ ಇರಲಿಲ್ಲ. ಮಳೆ ಕಮ್ಮಿಯ ಸೀಮೆ, ಕೊಡ ಲೆಕ್ಕದಲ್ಲಿ ನೀರು. ಬಚ್ಚಲ ಗೋಡೆಗೆ ಒಂದು ತೂತು, ಹೊರಗೆ ಅಂಗೈ ಅಗಲದ ಕಾಲುವೆ, ಅದರ ಕೊನೆಗೆ ಬಾಳೆಗಿಡ. ಸ್ನಾನ ಮಾಡಿದ ನೀರು ನೇರವಾಗಿ ಬಾಳೆ ಬುಡಕ್ಕೆ. ಕಸ ನಿಂತರೆ ಅಜ್ಜಿ ಪೊರಕೆಯ ಹಿಂದಿನ ತುದಿಯಿಂದ ಒಂದು ಸಲ ತಿವಿಯೋಳು, ಮುಗೀತು. ಪೈಪಿಲ್ಲ, ಹಾಗಾಗಿ ಕಟ್ಟಿಕೊಳ್ಳೋದೂ ಇಲ್ಲ.

*

ಪೈಪು ಬಂದಾಗ ಅದರ ಜೊತೆ ವಾಸನೆ ಬಂತು. ಚರಂಡಿಯ ಗಾಳಿ ಅದೇ ಪೈಪಿನಲ್ಲಿ ವಾಪಸ್ ಮನೆಯೊಳಗೆ ಬರೋದು. ಇದಕ್ಕೆ ಒಳ್ಳೆಯ ಪರಿಹಾರ ಹುಡುಕಿದವನು ಅಲೆಕ್ಸಾಂಡರ್ ಕಮ್ಮಿಂಗ್ ಅನ್ನೋ ಗಡಿಯಾರ ಮಾಡುವವನು. 1775ರಲ್ಲಿ ಅವನು ಪೇಟೆಂಟ್ ಪಡೆದ ಕಕ್ಕಸಿನ ಕೆಳಗೆ ಪೈಪನ್ನು ಹಾವಿನಂತೆ ಬಗ್ಗಿಸಿದ್ದ. ಬಗ್ಗಿದ ಜಾಗದಲ್ಲಿ ಸ್ವಲ್ಪ ನೀರು ಯಾವಾಗಲೂ ನಿಂತಿರುತ್ತದೆ, ಆ ನೀರೇ ವಾಸನೆಗೆ ಬಾಗಿಲು. ಇವತ್ತು ನಿಮ್ಮ ಸಿಂಕಿನ ಕೆಳಗಿರೋದು, ಬಚ್ಚಲ ಜಾಲರಿಯ ಕೆಳಗಿರೋ ನಹಾನಿ ಟ್ರ್ಯಾಪ್ (ನಮ್ಮ ಕಡೆ ಅಂಗಡಿಗಳಲ್ಲಿ 'ನಾನಿ ಟ್ರ್ಯಾಪ್'), ಎಲ್ಲದರದ್ದೂ ಇದೇ ಉಪಾಯ. ಆದರೆ ವಾಸನೆ ತಡೆಯೋ ಆ ಬಾಗಿನಲ್ಲೇ ಕೂದಲು, ಸೋಪಿನ ಜಿಡ್ಡು ಎಲ್ಲ ಬಂದು ಕೂರುತ್ತದೆ. ನಾವು ಪ್ರೋಗ್ರಾಮ್ ಬರೆಯೋರು ಹೇಳ್ತೀವಲ್ಲ, ಒಂದು ಬಗ್ ಸರಿ ಮಾಡಿದರೆ ಇನ್ನೊಂದು ಹುಟ್ಟುತ್ತೆ ಅಂತ, ಥೇಟ್ ಹಾಗೆ.

ಹಾಗಾದರೆ ಆ ಬಾಗಿಗೆ ಕೈ ಹಾಕೋರು ಯಾರು? ಯೂರೋಪು, ಅಮೆರಿಕದಲ್ಲೂ ಬಡವರೇ ಹಾಕಿದರು. ಆದರೆ ಅಲ್ಲಿ ಕೂಲಿ ದುಬಾರಿಯಾದ ಹಾಗೆ ಆ ಕೈಯ ಜಾಗಕ್ಕೆ ಯಂತ್ರ ಬಂತು. 1930ರ ದಶಕದಲ್ಲಿ ಅಮೆರಿಕದ ಅಯೋವಾ ರಾಜ್ಯದ ಡೆ ಮೊಯಿನ್ ಊರಿನಲ್ಲಿ ಸ್ಯಾಮ್ಯುಯೆಲ್ ಬ್ಲಾಂಕ್ ಅನ್ನೋನ ಮಗನ ಮನೆಯ ಚರಂಡಿ ಪೈಪಿಗೆ ಮರದ ಬೇರು ನುಗ್ಗಿತ್ತು. ನೆಲ ಅಗೆಯದೆ ಬೇರು ಕತ್ತರಿಸೋದು ಹೇಗೆ ಅಂತ ಯೋಚಿಸಿ, ವಾಷಿಂಗ್ ಮಷೀನಿನ ಮೋಟರು, ಸ್ಕೇಟಿಂಗ್ ಚಕ್ರಗಳು, ಮುಕ್ಕಾಲಿಂಚಿನ ಅರ್ಧದಷ್ಟು ದಪ್ಪದ ಉಕ್ಕಿನ ಕೇಬಲ್ಲು, ಅದರ ತುದಿಗೆ ಬ್ಲೇಡುಗಳು ಸೇರಿಸಿ ಒಂದು ಯಂತ್ರ ಮಾಡಿದ. ಹೆಂಡತಿ ಅದಕ್ಕೆ 'ರೋಟೋ-ರೂಟರ್' ಅಂತ ಹೆಸರಿಟ್ಟಳು. ನಾನು ಹೊನ್ನಾಳಿಯ ಹಾರ್ಡ್‌ವೇರ್ ಅಂಗಡಿಯಲ್ಲಿ "ತೂಬು ಬಿಡಿಸೋ ಸ್ಪ್ರಿಂಗ್ ಕೊಡಣ್ಣ" ಅಂತ ಕೇಳಿ ತಂದ, ಐದು ಮೀಟರಿನ, ಡಬ್ಬಿಯೊಳಗೆ ಸುತ್ತಿಟ್ಟ, ಕೈಯಲ್ಲಿ ತಿರುಗಿಸೋ ಸ್ಪ್ರಿಂಗು ಅದೇ ಜಾತಿಯದ್ದು, ಮೋಟರಿಲ್ಲದ ಬಡ ನೆಂಟ.

*

ನಮ್ಮಲ್ಲಿ ಏನಾಯಿತು? ಇಲ್ಲಿ ಯಂತ್ರ ಬರಲಿಲ್ಲ. ಯಾಕಂದರೆ ಯಂತ್ರಕ್ಕಿಂತ ಅಗ್ಗವಾಗಿ ಮನುಷ್ಯ ಸಿಗುತ್ತಿದ್ದ. ಯಾವ ಮನೆಯಲ್ಲಿ ಹುಟ್ಟಿದವನು ಅನ್ನೋದೂ ಮೊದಲೇ ತೀರ್ಮಾನವಾಗಿತ್ತು.

ಬೆಂಗಳೂರಿನಲ್ಲಿರೋರು ಒಂದು ಭಾನುವಾರ ಮಲ್ಲೇಶ್ವರಂನಲ್ಲಿ ಸುಮ್ಮನೆ ನಡೆದು ನೋಡಿ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಲು ಮಲ್ಲೇಶ್ವರಂ, ಬಸವನಗುಡಿ ಬಡಾವಣೆಗಳು ಬೆಳೆದವು. ಅಗಲ ರಸ್ತೆ, ಗಾಳಿ, ಬೆಳಕು ಎಲ್ಲ ಯೋಚಿಸಿ ಮಾಡಿದ ನಕ್ಷೆ. ಆ ನಕ್ಷೆಯಲ್ಲಿ ಮನೆಗಳ ಬೆನ್ನಿಗೆ ಒಂದು ಸಣ್ಣ ಓಣಿ ಇದೆ. ಕನ್ಸರ್ವೆನ್ಸಿ ಲೇನ್ ಅಂತ ಹೆಸರು. ಕಕ್ಕಸಿನಿಂದ ಮಲ ತೆಗೆದುಕೊಂಡು ಹೋಗೋರು ಮುಂಬಾಗಿಲ ರಸ್ತೆಯಲ್ಲಿ ಕಾಣಿಸಿಕೊಳ್ಳಬಾರದು ಅಂತ ಮಾಡಿದ ಓಣಿ ಅದು. ಆಧುನಿಕ ನಗರ ಯೋಜನೆ ಅಂತ ನಾವು ಹೊಗಳೋ ನಕ್ಷೆಯಲ್ಲೇ ಜಾತಿಗೆ ಒಂದು ಪ್ರತ್ಯೇಕ ರಸ್ತೆ! ನಾನು ನಾಲ್ಕು ವರ್ಷ ಅದರ ಪಕ್ಕದಲ್ಲೇ ಬಾಡಿಗೆಗಿದ್ದೆ. ಬೈಕ್ ನಿಲ್ಲಿಸೋಕೆ ಒಳ್ಳೆ ಜಾಗ ಅಂದುಕೊಂಡಿದ್ದೆ, ಅಷ್ಟೆ.

ಕೆ.ಜಿ.ಎಫ್. ಕಥೆ ಇನ್ನೂ ವಿಚಿತ್ರ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಅದನ್ನು ನಾವೆಲ್ಲ ಹೆಮ್ಮೆಯಿಂದ ಪಠ್ಯಪುಸ್ತಕದಲ್ಲಿ ಓದಿದವರು. ಅದೇ ಗಣಿ ಊರಿನಲ್ಲಿ 1990ರ ದಶಕದವರೆಗೂ ಒಣ ಕಕ್ಕಸುಗಳಿದ್ದವು, ಮನುಷ್ಯರೇ ಕೈಯಿಂದ ಬಳಿಯಬೇಕಿತ್ತು. 1966ರಲ್ಲಿ ಅಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರ ಮನೆಯವರದ್ದೂ ಅದೇ ಕೆಲಸ. ಅವರು ಅಲ್ಲಿಂದಲೇ ಹೋರಾಟ ಶುರು ಮಾಡಿ, ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ನೆಲದ ಕೆಳಗೆ ಸುರಂಗ ಕೊರೆದು ಚಿನ್ನ ತೆಗೆಯಲು ಯಂತ್ರ ಸಿಕ್ಕಿತು, ಕಕ್ಕಸು ತೊಳೆಯಲು ಸಿಗಲಿಲ್ಲ.

ಕರ್ನಾಟಕದಲ್ಲಿ ಇದನ್ನು ಸರ್ಕಾರದ ಮಟ್ಟದಲ್ಲಿ ಮೊದಲು ಗಟ್ಟಿಯಾಗಿ ಹಿಡಿದವರು ಬಿ. ಬಸವಲಿಂಗಪ್ಪ. ದೇವರಾಜ ಅರಸು ಮಂತ್ರಿಮಂಡಲದಲ್ಲಿದ್ದಾಗ, 1970ರ ದಶಕದ ಆರಂಭದಲ್ಲಿ, ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ನಮ್ಮಲ್ಲಿ ಬಹಳ ಜನರಿಗೆ ಅವರ ಹೆಸರು ಹೇಳಿದರೆ 1973ರ 'ಬೂಸಾ' ಗಲಾಟೆ ಮಾತ್ರ ನೆನಪಾಗುತ್ತೆ. ನನಗೂ ಅಷ್ಟೇ ಗೊತ್ತಿತ್ತು. ಕನ್ನಡ ಸಾಹಿತ್ಯದ ಬಗ್ಗೆ ಅವರು ಆಡಿದ ಒಂದು ಮಾತಿಗೆ ಊರೆಲ್ಲ ಬೀದಿಗಿಳಿಯಿತು, ಅವರು ಮಂತ್ರಿ ಪದವಿ ಬಿಡಬೇಕಾಯಿತು. ಅವರು ತಲೆಯಿಂದ ಇಳಿಸಿದ ಬುಟ್ಟಿಯನ್ನು ನೆನಪಿಟ್ಟುಕೊಂಡವರು ಕಮ್ಮಿ. ಆಮೇಲೆ ಐ.ಪಿ.ಡಿ. ಸಾಲಪ್ಪ ಸಮಿತಿ 1976ರಲ್ಲಿ ಪೌರಕಾರ್ಮಿಕರ ಬದುಕಿನ ಬಗ್ಗೆ ವರದಿ ಕೊಟ್ಟು, 500 ಜನಸಂಖ್ಯೆಗೆ ಒಬ್ಬರಾದರೂ ಪೌರಕಾರ್ಮಿಕರು ಬೇಕು ಅಂತ ಹೇಳಿತು.

ಕಾನೂನುಗಳು ಬಂದವು. 1993ರಲ್ಲಿ ಒಣ ಕಕ್ಕಸು ಕಟ್ಟುವುದನ್ನೂ, ಮಲ ಬಳಿಸುವುದನ್ನೂ ನಿಷೇಧಿಸುವ ಕೇಂದ್ರ ಕಾಯ್ದೆ ಬಂತು. ಇಂಥ ಕಾಯ್ದೆ ಬೇಕು ಅಂತ ನಿರ್ಣಯ ಮಾಡಿ ಕಳಿಸಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆದರೂ 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆಯ ಮುಂದೆ ತಮ್ಮ ಮೈಗೆ ತಾವೇ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಇದ್ದ ಮನೆಗಳಿಂದ ಒಕ್ಕಲೆಬ್ಬಿಸುತ್ತಾರೆ ಅಂತ ಅವರ ಅಳಲು. ಸವಣೂರು ನಮಗೆ ದೂರದ ಊರೇನಲ್ಲ, ಬಸ್ಸಿನಲ್ಲಿ ಹೋಗಿ ಅದೇ ದಿನ ವಾಪಸ್ ಬರಬಹುದು.

2013ರಲ್ಲಿ ಇನ್ನೂ ಬಿಗಿಯಾದ ಕಾಯ್ದೆ ಬಂತು. ಇದು ನಮಗೂ ನಿಮಗೂ ನೇರವಾಗಿ ಸಂಬಂಧಪಟ್ಟಿದ್ದು. ಸರಿಯಾದ ರಕ್ಷಣೆಯಿಲ್ಲದೆ ಯಾರನ್ನೂ ಒಳಚರಂಡಿಗೆ ಅಥವಾ ಸೆಪ್ಟಿಕ್ ಟ್ಯಾಂಕಿಗೆ ಇಳಿಸುವ ಹಾಗಿಲ್ಲ. ನಗರಸಭೆ ಮಾತ್ರವಲ್ಲ, ಮನೆ ಮಾಲೀಕ ಇಳಿಸಿದರೂ ಅಪರಾಧ. ಮೊದಲ ಸಲಕ್ಕೆ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಇಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಮೊತ್ತ ಏರಿಸಬೇಕಾಗಿ ಬಂತು ಅಂದರೆ ಸಾವು ನಿಂತಿಲ್ಲ ಅಂತಲೇ ಅರ್ಥ.

ಆದರೆ ಮನೆಯೊಳಗಿನ ಬಚ್ಚಲ ತೂಬಿನವರೆಗೆ ಈ ಕಾಯ್ದೆ ಬರೋದಿಲ್ಲ. ಅಲ್ಲಿ ಇರೋದು ನಾವು, ನಮ್ಮ ಆಸಿಡ್ ಬಾಟಲಿ, ಮತ್ತೆ ನಾವು ಕರೆಸೋ ಆ ಒಬ್ಬ ಮನುಷ್ಯ.

*

ಈಗ ಹೇಳಲೇಬೇಕಾದ ವಿಷಯಕ್ಕೆ ಬರ್ತೀನಿ.

ಸ್ಪ್ರಿಂಗ್ ತಂದೆನೇನೋ ಸರಿ, ಉಪಯೋಗಿಸೋದು ಗೊತ್ತಿರಲಿಲ್ಲ. ಯೂಟ್ಯೂಬ್ ನೋಡಿದೆ. ಅಲ್ಲಿನ ಪೈಪುಗಳೆಲ್ಲ ನೀಟಾಗಿವೆ, ನಮ್ಮ ಬಚ್ಚಲಿನಂತೆ ಒಂದೂ ಇಲ್ಲ. ಕೊನೆಗೆ ಆ ಅಜ್ಜನ ಮನೆಗೇ ಹೋದೆ. ಕೆಲಸಕ್ಕೆ ಕರೆಯೋಕಲ್ಲ, ಕೇಳಿಕೊಂಡು ಬರೋಕೆ. "ಅಜ್ಜಾ, ಇದನ್ನ ಹೆಂಗೆ ಹಾಕೋದು ಹೇಳಿಕೊಡ್ತೀರಾ?" ಅಂದೆ. ನನ್ನ ಬಾಯಿಂದ ಮೊದಲ ಸಲ ಬಹುವಚನ ಬಂದಿದ್ದಕ್ಕೆ ಇಬ್ಬರಿಗೂ ಮುಜುಗರ ಆಯಿತು.

ಅವರು ಸ್ಪ್ರಿಂಗ್ ನೋಡಲಿಲ್ಲ. ಮೊದಲು ಕೇಳಿದ್ದು ಒಂದೇ ಪ್ರಶ್ನೆ.

"ಆಸಿಡ್ ಏನಾದ್ರೂ ಹಾಕೀರೇನು?"

ನನಗೆ ಎದೆ ಧಸಕ್ ಅಂತು. ಅವರ ಬಲಗೈ ನೋಡಿದೆ. ಮಣಿಕಟ್ಟಿನಿಂದ ಬೆರಳಿನವರೆಗೆ ಚರ್ಮ ಬೆಳ್ಳಗೆ, ಸುಕ್ಕು ಸುಕ್ಕಾಗಿ ಎಳೆದುಕೊಂಡಿದೆ. ಅದು ನಮ್ಮ ಮನೆಯಲ್ಲಿ ಆಗಿದ್ದು. ನಾನು ನಾಲ್ಕನೇ ಕ್ಲಾಸು. ಆವತ್ತು ಬೆಳಿಗ್ಗೆ ಅಂಗಡಿಯಿಂದ ಆಸಿಡ್ ಬಾಟಲಿ ತಂದವನು ನಾನೇ. ಅಮ್ಮ ಅರ್ಧ ಸುರಿದರು, ಹೊಗೆ ಬರೋದು ನೋಡೋಕೆ ಖುಷಿ ಅಂತ ಉಳಿದಿದ್ದನ್ನು ನಾನು ಸುರಿದೆ. ತೂಬು ಬಿಡಲಿಲ್ಲ. ಮಧ್ಯಾಹ್ನ ಅವರನ್ನು ಕರೆಸಿದೆವು. ಯಾರೂ ಹೇಳಲಿಲ್ಲ. ಬೇಕಂತ ಮುಚ್ಚಿಟ್ಟಿದ್ದಲ್ಲ, ಹೇಳಬೇಕು ಅಂತ ಯಾರಿಗೂ ಹೊಳೆಯಲೇ ಇಲ್ಲ. ಅವರು ಎಂದಿನಂತೆ ಬರಿಗೈ ಹಾಕಿದರು.

ಅವರ ಕೂಗು ನನಗೆ ನೆನಪಿದೆ. ಆಮೇಲೆ ಅಮ್ಮ ಕೊಬ್ಬರಿ ಎಣ್ಣೆ ಕೊಟ್ಟಿದ್ದು, ಅಪ್ಪ ಐವತ್ತು ರೂಪಾಯಿ ಜಾಸ್ತಿ ಕೊಟ್ಟಿದ್ದು ನೆನಪಿದೆ. ಎಣ್ಣೆಯನ್ನು ಮೇಲಿನಿಂದ, ಕೈ ತಾಗದ ಹಾಗೆ ಸುರಿದದ್ದೂ ನೆನಪಿದೆ. 'ತಪ್ಪಾಯಿತು' ಅಂದವರು ಯಾರೂ ಇಲ್ಲ.

ನಾನು ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದೆ. "ಹ್ಞೂಂ ಕಣೋ, ಬೆಳಿಗ್ಗೆ ಅರ್ಧ ಬಾಟ್ಲಿ ಹಾಕಿದ್ದೆ, ಯಾಕೆ?"

ಅಪ್ಪ ಹೇಳಿ ಕಳಿಸಿದ್ದರೆ ಆ ಅಜ್ಜ ಬಂದಿರುತ್ತಿದ್ದರು. ಈ ಸಲವೂ ನಾವು ಹೇಳುತ್ತಿರಲಿಲ್ಲ. ಅವರು ಕೇಳುತ್ತಿದ್ದರು, ಯಾಕಂದರೆ ಕೈ ಸುಟ್ಟುಕೊಂಡು ಕೇಳೋದು ಕಲಿತಿದ್ದಾರೆ. ನಾವು ಕಲಿತಿಲ್ಲ.

*

ಅವರು ಹೇಳಿಕೊಟ್ಟಿದ್ದು, ಆಮೇಲೆ ನಾನು ಓದಿ ತಿಳಿದದ್ದು ಎರಡನ್ನೂ ಸೇರಿಸಿ ಬರೀತಿದ್ದೇನೆ. ನಿಮ್ಮ ಮನೆಯಲ್ಲೂ ಉಪಯೋಗಕ್ಕೆ ಬರಬಹುದು.

ಆಸಿಡ್ ಅಥವಾ ತೂಬು ಬಿಡಿಸೋ ಪುಡಿ ಹಾಕಿದ್ದರೆ ಅವತ್ತು ಸ್ಪ್ರಿಂಗ್ ಹಾಕಲೇಬೇಡಿ. ತಿರುಗೋ ಸ್ಪ್ರಿಂಗು ಆ ನೀರನ್ನು ಮುಖಕ್ಕೆ ಎರಚುತ್ತದೆ. ಕಿಟಕಿ ತೆಗೆದು, ಬೇರೆ ಏನನ್ನೂ ಬೆರೆಸದೆ ಬಿಟ್ಟುಬಿಡಿ. ಆಸಿಡ್ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿದರೆ ಕ್ಲೋರಿನ್ ಅನಿಲ ಬರುತ್ತೆ, ಮುಚ್ಚಿದ ಬಚ್ಚಲಿನಲ್ಲಿ ಅದು ಜೀವಕ್ಕೇ ಅಪಾಯ. ನಾವು ಇಡೀ ರಾತ್ರಿ ಬಿಟ್ಟೆವು. ಬೆಳಿಗ್ಗೆ ಕೈಗವಸು ಹಾಕಿಕೊಂಡು ನಿಧಾನಕ್ಕೆ ನೀರು ಬೆರೆಸುತ್ತಾ, ನಿಂತ ನೀರನ್ನು ಮಗ್ಗಿನಿಂದ ಎತ್ತಿ ಖಾಲಿ ಮಾಡಿದೆ. ಹಬ್ಬದ ಎಣ್ಣೆ ಸ್ನಾನ ಆ ವರ್ಷ ಹಿತ್ತಲಿನಲ್ಲಿ!

ದಪ್ಪ ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ, ಕಾಲಿಗೆ ಚಪ್ಪಲಿ ಬೇಕು. ಬಟ್ಟೆಯ ಕೈಗವಸು ಬೇಡ, ಸ್ಪ್ರಿಂಗಿಗೆ ಸುತ್ತಿಕೊಂಡು ಬೆರಳನ್ನೂ ಎಳೆಯುತ್ತದೆ. ಕೈಗೆ ಗಾಯ ಇದ್ದರೆ ಮುಟ್ಟಬೇಡಿ. ಇಲಿ ಓಡಾಡೋ ಚರಂಡಿ ನೀರಿನಿಂದ ಇಲಿ ಜ್ವರ ಬರುತ್ತೆ.

ಜಾಲರಿ ತೆಗೆದು, ಸ್ಪ್ರಿಂಗಿನ ತುದಿಯನ್ನು ನಿಧಾನ ಒಳಗೆ ಬಿಡಿ. ತಡೆ ಸಿಕ್ಕಾಗ ನಿಲ್ಲಿಸಿ. ಡಬ್ಬಿಗೂ ತೂಬಿಗೂ ಮಧ್ಯೆ ಒಂದು ಗೇಣಿಗಿಂತ ಜಾಸ್ತಿ ಸ್ಪ್ರಿಂಗ್ ಹೊರಗಿರದ ಹಾಗೆ ನೋಡಿಕೊಂಡು ಸ್ಕ್ರೂ ಬಿಗಿ ಮಾಡಿ. ಈಗ ಹಿಡಿ ತಿರುಗಿಸಿ. "ಜೋರು ಮಾಡಬ್ಯಾಡ್ರಿ, ವಯರು ತಿರುಚಿಕೊಂಡು ಕೈಗೆ ಹೊಡೀತದೆ" ಅಂದರು ಅಜ್ಜ. ನಿಜ. ತುದಿ ಸಿಕ್ಕಿಕೊಂಡು ನಾವು ತಿರುಗಿಸುತ್ತಲೇ ಹೋದರೆ ಆ ಶಕ್ತಿಯೆಲ್ಲ ಸ್ಪ್ರಿಂಗಿನಲ್ಲಿ ಕೂತಿರುತ್ತದೆ, ಬಿಟ್ಟ ತಕ್ಷಣ ಚಾಟಿ ಹಾಗೆ ಬರುತ್ತದೆ. ಬಿಗಿಯಾಯಿತು ಅನ್ನಿಸಿದರೆ ಹಿಂದಕ್ಕೆ ಎರಡು ಸುತ್ತು ಬಿಟ್ಟು, ಸ್ವಲ್ಪ ಎಳೆದು, ಮತ್ತೆ ಮುಂದಕ್ಕೆ ಹೋಗಿ. ಹಿಡಿ ತೆಗೆದು ಡ್ರಿಲ್ಲಿಂಗ್ ಮಷೀನ್ ಸಿಕ್ಕಿಸೋ ಬುದ್ಧಿವಂತಿಕೆ ಬೇಡ, ಅದೂ ಒದ್ದೆ ನೆಲದಲ್ಲಿ. ಕಮೋಡಿಗೆ ಈ ಸ್ಪ್ರಿಂಗ್ ಹಾಕಬೇಡಿ, ಪಿಂಗಾಣಿ ಗೀರುತ್ತದೆ. ಅದಕ್ಕೆ ರಬ್ಬರ್ ತೋಳಿರೋ ಬೇರೆಯೇ ಸಾಧನ ಇದೆ.

ತೆಗೆಯುವಾಗ ನಿಧಾನ ಎಳೆದು, ಹಳೇ ಬಟ್ಟೆಯಲ್ಲಿ ಒರೆಸುತ್ತಾ ಡಬ್ಬಿಗೆ ಸೇರಿಸಿ. ನಮ್ಮ ತೂಬಿನಿಂದ ಬಂದದ್ದು: ಇಲಿ ಮರಿ ಗಾತ್ರದ ಕೂದಲ ಉಂಡೆ, ಸೀಗೆಪುಡಿಯ ಗಸಿ, ಶಾಂಪೂ ಸ್ಯಾಶೆಗಳ ಕತ್ತರಿಸಿದ ಮೂಲೆಗಳು ಹನ್ನೊಂದು. ಎಣಿಸಿದೆ. ಎಲ್ಲ ನಮ್ಮದೇ ಮನೆಯ ಕಸ.

ಇನ್ನೊಂದು ಮುಖ್ಯ ವಿಷಯ. ಬಚ್ಚಲು, ಅಡುಗೆಮನೆ, ಕಕ್ಕಸು ಎಲ್ಲ ಒಟ್ಟಿಗೆ ಕಟ್ಟಿಕೊಂಡರೆ ತೊಂದರೆ ಇರೋದು ಹೊರಗಿನ ಚೇಂಬರಿನಲ್ಲೋ ಟ್ಯಾಂಕಿನಲ್ಲೋ. ಅಲ್ಲಿಗೆ ನೀವೂ ಇಳಿಯಬೇಡಿ, ಯಾರನ್ನೂ ಇಳಿಸಬೇಡಿ. ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಿದ್ದರೆ ಮೂಗೇ ಸತ್ತುಹೋಗುತ್ತೆ, ವಾಸನೆಯೇ ಗೊತ್ತಾಗಲ್ಲ. ಒಬ್ಬ ಬಿದ್ದ ಅಂತ ಎತ್ತಲು ಇಳಿದ ಇನ್ನೊಬ್ಬನೂ ಸಾಯೋದು ಹೀಗೇ. ಹೊನ್ನಾಳಿಯಿಂದ ಬೇರೆಯಾಗಿ ಈಗ ನ್ಯಾಮತಿಯೇ ಒಂದು ತಾಲೂಕು. ಅಲ್ಲಿನ ನಮ್ಮ ಅತ್ತೆ ಮನೆಯ ಟ್ಯಾಂಕಿಗೆ ಈಚೆಗೆ ಸಕ್ಕಿಂಗ್ ಮಷೀನ್ ಲಾರಿ ಕರೆಸಿದರು. ದುಡ್ಡು ಜಾಸ್ತಿ ಆಯಿತು ಅಂತ ಮಾವ ಗೊಣಗಿದರು. ಆಗಲಿ ಬಿಡಿ ಮಾವ ಅಂದೆ.

*

ಬಚ್ಚಲ ನೀರು ಗೊಳ್ ಅಂತ ಸದ್ದು ಮಾಡಿ ಇಳಿದಾಗ ಆದ ಖುಷಿ, ಆಫೀಸಿನಲ್ಲಿ ಯಾವ ರಿಲೀಸಿಗೂ ಆಗಿರಲಿಲ್ಲ.

ಸ್ಪ್ರಿಂಗ್ ತೊಳೆದು ಒಣಗಿಸಿ, ಸಂಜೆ ಹೋಳಿಗೆ ಕಟ್ಟಿಕೊಂಡು ಅಜ್ಜನ ಮನೆಗೆ ಹೋದೆ. ಆ ನಾಲ್ಕನೇ ಕ್ಲಾಸಿನ ಬಾಟಲಿಯ ವಿಷಯ ಹೇಳಿದೆ. ಉಳಿದ ಅರ್ಧ ಸುರಿದವನು ನಾನು, ತಪ್ಪಾಯಿತು ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿತ್ತು ಬಿಡ್ರಿ, ಬಾಟ್ಲಿ ಅಲ್ಲೇ ಇತ್ತಲ್ಲ" ಅಂದರು. ಇಷ್ಟು ವರ್ಷ ಅವರಿಗೆ ಗೊತ್ತಿತ್ತು. ಆದರೂ ಕರೆದಾಗಲೆಲ್ಲ ಬಂದಿದ್ದಾರೆ.

ಇದರಿಂದ ಏನೋ ದೊಡ್ಡ ಬದಲಾವಣೆ ಆಯಿತು ಅಂತ ನಾನು ಹೇಳಲ್ಲ. ಒಂದು ಸ್ಪ್ರಿಂಗಿನಿಂದ ಜಾತಿ ಹೋಗಲ್ಲ. ಈ ಕೆಲಸದ ಕೂಲಿ ನಂಬಿಕೊಂಡವರಿಗೆ ಬೇರೆ ಕೆಲಸ ಸಿಗದ ಹೊರತು ನಾವು ತೂಬು ನಾವೇ ಬಿಡಿಸಿಕೊಂಡು ಬೀಗೋದರಲ್ಲೂ ಅರ್ಥವಿಲ್ಲ. ಆದರೆ ನಮ್ಮ ಮನೆಯ ಕೂದಲಿಗೆ ನಮ್ಮ ಕೈ ಹಾಕೋಕೆ ನಾಚಿಕೆ ಬೇಡ ಅಂತ ಗೊತ್ತಾಯಿತು. ಅಮ್ಮನ ಪ್ರಶ್ನೆಗೆ ಉತ್ತರವೂ ಸಿಕ್ಕಿತು. ಹೌದಮ್ಮ, ಇದಕ್ಕೂ ಓದಿದ್ದು.

ಓದಿದ ನಿಮ್ಮಲ್ಲಿ ಒಂದೇ ಕೋರಿಕೆ. ತೂಬು ಬಿಡಿಸಲು ಯಾರನ್ನಾದರೂ ಕರೆದರೆ, ಅವರು ಬಾಗಿಲಲ್ಲಿ ಚಪ್ಪಲಿ ಬಿಡೋಕೆ ಮೊದಲೇ, ಏನು ಸುರಿದಿದ್ದೀರಿ ಅಂತ ಹೇಳಿಬಿಡಿ. ಅವರು ಕೇಳೋವರೆಗೆ ಕಾಯಬೇಡಿ.